ಇಲ್ಲದ ಕೆಮ್ಮು

ಬಾಯ್ಲರಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ದಿನ ಬಿಟ್ಟರೆ ಬೇರೆ ಯಾವ ದಿನವೂ ಬಳಕೆಗೆ ಬರುತ್ತಿರಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಕ್ಕೆ ಸೇರಿದವನು, ಆ ಮೀಸೆ ನರೆಯುವ ತನಕ ಬಾಯ್ಲರಿನ ಮುಂದೆಯೇ ನಿಂತಿದ್ದ. ಕಾವಿಗೆ ಮುಖ ಚೆನ್ನಾಗಿ ಬೆಂದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಯಂತ್ರಗಳ ಗದ್ದಲದಲ್ಲಿ ಕೂಗಿ ಮಾತಾಡಿ ಅಭ್ಯಾಸವಾಗಿ, ಮನೆಯಲ್ಲಿ ಕುಡಿಯಲು ನೀರು ಕೇಳಿದರೆ ಪಕ್ಕದ ಮನೆಯವರೂ ಲೋಟ ಹಿಡಿದುಕೊಂಡು ಬರುವಂಥ ಗಂಟಲು.

ಸ್ಥಾವರದ ಗೋಡೆಗೆ ಒತ್ತಿಕೊಂಡೇ ಕೆಲಸಗಾರರ ಬೀದಿ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳು. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಬಟ್ಟೆ ಒಣಹಾಕಲು ಅಂಗೈಯಗಲದ ಹಿತ್ತಲು. ಗಾಳಿ ಬೀದಿಯ ಕಡೆ ತಿರುಗಿದ ದಿನ ತಂತಿಯ ಮೇಲಿನ ಬಟ್ಟೆಯ ಮೇಲೆಲ್ಲ ಹಾರುಬೂದಿ. ಹೆಂಗಸರು ಒಗೆದ ಹೊದಿಕೆಗಳನ್ನು ಕೊಡವುತ್ತಾ ಬಾಯ್ಲರಣ್ಣನ ಮನೆ ಮುಂದೆ ಬಂದು ನಿಲ್ಲುತ್ತಿದ್ದರು, ಬೂದಿಯನ್ನೆಲ್ಲ ಅವನೇ ಜೇಬಿನಲ್ಲಿ ತುಂಬಿಕೊಂಡು ಬಂದು ಎರಚಿದ ಹಾಗೆ.

“ಅದು ಹೊಗೆ ಅಲ್ಲಮ್ಮಾ, ಬರೀ ಆವಿ,” ಅನ್ನುತ್ತಿದ್ದ ಅವನು. “ನಿಮ್ಮ ಒಲೆ ಮೇಲಿನ ನೀರಿನ ಪಾತ್ರೆಯಿಂದ ಬರಲ್ವಾ, ಅದೇ.”

“ನಮ್ಮ ಪಾತ್ರೆ ಆವಿ ಬಟ್ಟೆಗೆ ಮಸಿ ಬಳಿಯಲ್ಲ ಬಾಯ್ಲರಣ್ಣ.”

“ಅಭ್ಯಾಸ ಆಗುತ್ತೆ ಬಿಡಿ.”

ಹಾಗೆ ಹೇಳಬೇಕೆಂದು ಎಂಜಿನಿಯರುಗಳು ಹೇಳಿಕೊಟ್ಟಿದ್ದರು. ಅವನು ಅರ್ಧ ನಂಬಿ, ಅರ್ಧ ನಂಬದೆ, ಪೂರ್ತಿ ಗಂಟಲಿನಲ್ಲಿ ಹೇಳುತ್ತಿದ್ದ.

ಅವನ ಹೆಂಡತಿ ದರ್ಜಿ ಕೆಲಸದವಳು. ಮುಂದಿನ ಕೋಣೆಯ ಕಿಟಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು ಬೀದಿಯವರ ಬಟ್ಟೆ, ಶಾಲೆಯ ಮಕ್ಕಳ ಸಮವಸ್ತ್ರ, ಕಿಟಕಿ ಪರದೆ ಎಲ್ಲ ಹೊಲಿಯುತ್ತಿದ್ದಳು. ಮಾತು ಕಡಿಮೆ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದೂ ಅದಕ್ಕೆ ಒಂದು ಕಾರಣ ಇರಬಹುದು. ಗಂಡ ಹೊರಗೆ ಆವಿಯ ಪಾಠ ಹೇಳುತ್ತಿದ್ದರೆ ಅವಳು ಒಳಗೆ ಹೊಲಿಯುವ ಬಟ್ಟೆಯ ಮೇಲೆ ಹಳೇ ಪಂಚೆ ಹೊದಿಸಿ ಕಿಟಕಿ ಮುಚ್ಚುತ್ತಿದ್ದಳು.

ಇನ್ನು ಅವನ ಗೆಳೆಯ. ಕಲ್ಲಿದ್ದಲು ಎತ್ತುವ ಕ್ರೇನ್ ಓಡಿಸುತ್ತಿದ್ದ. ಕುತ್ತಿಗೆಯೂ ಅದಕ್ಕೆ ತಕ್ಕ ಹಾಗೆ ಉದ್ದವಾಗಿತ್ತು. ಹೀಗಾಗಿ ಕ್ರೇನು ಅನ್ನುವ ಹೆಸರು ಎರಡು ಕಡೆಯಿಂದಲೂ ಅವನಿಗೆ ಬಂದು ಅಂಟಿಕೊಂಡಿತ್ತು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಮನೆಗಳ ನಡುವೆ ಒಂದೇ ಗೋಡೆ. ಕ್ರೇನಿನ ಹೆಂಡತಿ ಬಾಯ್ಲರಣ್ಣನನ್ನು ಅಣ್ಣ ಅಂತಲೇ ಕರೆಯುತ್ತಿದ್ದಳು.

ಎರಡನೇ ಬಾಯ್ಲರ್ ಬಂದಾಗ ಅದರ ರಿಬ್ಬನ್ ಕತ್ತರಿಸಲು ಮಂತ್ರಿ ಬಂದಿದ್ದ. ಕಲ್ಲಿದ್ದಲಿನ ಒಂದು ಹೆಂಟೆಯನ್ನು ಅಂಗೈಮೇಲೆ ಎತ್ತಿ ಹಿಡಿದು, “ಇದು ನಮ್ಮ ಕಪ್ಪು ಚಿನ್ನ” ಅಂದಿದ್ದ. ಅವತ್ತು ವಿರೋಧ ಪಕ್ಷದ ನಾಯಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೇಟಿನ ಮುಂದೆ ಕೂತು, ಜನರ ಉಸಿರು ಕಟ್ಟಿಸುತ್ತಿದ್ದಾರೆ ಅಂತ ಧಿಕ್ಕಾರ ಕೂಗಿದ್ದ. ಕೆಲವು ವರ್ಷ ಕಳೆಯಿತು. ಎಲ್ಲೋ ದೊಡ್ಡ ದೊಡ್ಡ ದೇಶಗಳವರು ಸೇರಿ ಸಭೆ ನಡೆಸಿದರಂತೆ, ಯಾರು ಹೊಗೆ ಕಡಿಮೆ ಮಾಡುತ್ತಾರೋ ಅವರಿಗೆ ನೆರವು ಕೊಡುತ್ತೇವೆ ಅಂದರಂತೆ. ಅದೇ ಮಂತ್ರಿ ಅದೇ ಗೇಟಿನ ಮುಂದೆ ಕಾರಿಳಿದು, “ಈ ಕಪ್ಪು ವಿಷದಿಂದ ನಿಮಗೆ ಬಿಡುಗಡೆ ಕೊಡಿಸುತ್ತೇನೆ, ಸ್ಥಾವರ ಮುಚ್ಚುತ್ತೇವೆ” ಅಂದ. ಮೂಗಿಗೆ ಬಟ್ಟೆ ಕಟ್ಟಿದ್ದ ನಾಯಕನೂ ಮತ್ತೆ ಬಂದು ಅಲ್ಲೇ ಕೂತ. ಈ ಸಲ ಬಟ್ಟೆ ಇರಲಿಲ್ಲ. ಸ್ಥಾವರ ಮುಚ್ಚಿದರೆ ಬಡವರ ಅನ್ನಕ್ಕೆ ಕಲ್ಲು ಅಂತ ಕೂಗಿದ. ಹೀಗೆ ಇಬ್ಬರೂ ಬಾಯಿ ಅದಲುಬದಲು ಮಾಡಿಕೊಂಡರೂ ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ.

ಕ್ರೇನು ಮಾತ್ರ ಕೆಲಸಗಾರರ ಸಭೆಯಲ್ಲಿ ಎದ್ದು ಕೇಳಿದ. “ಮುಚ್ಚಿ ಸ್ವಾಮಿ. ಹೊಗೆ ಕುಡಿಯೋಕೆ ನಮಗೇನು ಆಸೆಯಾ? ಆದ್ರೆ ಸಂಜೆ ಊರಿಗೆಲ್ಲ ಲೈಟು ಬೇಕಲ್ಲ, ಅದು ಎಲ್ಲಿಂದ ಬರುತ್ತೆ? ನಾವು ಎಲ್ಲಿಗೆ ಹೋಗೋಣ? ಇವೆರಡಕ್ಕೆ ಉತ್ತರ ಕೊಟ್ಟುಬಿಡಿ.”

ಸೂರ್ಯನಿಂದ ಬರುತ್ತೆ, ಗಾಳಿಯಿಂದ ಬರುತ್ತೆ, ಎಲ್ಲರಿಗೂ ಹಸಿರು ಕೆಲಸ ಸಿಗುತ್ತೆ ಅನ್ನುವ ಉತ್ತರ ಬಂತು. ಹಸಿರು ಕೆಲಸ ಅಂದರೆ ಏನು ಅಂತ ಕೇಳುವುದರೊಳಗೆ ಸಭೆ ಮುಗಿದಿತ್ತು.

ಮುಚ್ಚುವ ಸಮಾರಂಭಕ್ಕೆ ವಾರವಿದೆ ಅನ್ನುವಾಗ ಮಂತ್ರಿಯ ಆಪ್ತ ಸಹಾಯಕಿ ಬೀದಿಗೆ ಬಂದಳು. ಕೆಲಸಗಾರರ ಪೈಕಿ ಒಬ್ಬರು ವೇದಿಕೆಯ ಮೇಲೆ ಮಾತಾಡಬೇಕಿತ್ತು. ಒಂದೊಂದೇ ಮನೆಯ ಮುಂದೆ ನಿಂತು ಮುಖಗಳನ್ನು ನೋಡುತ್ತಾ ಬಂದವಳು ಬಾಯ್ಲರಣ್ಣನ ಹತ್ತಿರ ನಿಂತುಬಿಟ್ಟಳು.

“ಯಜಮಾನರೇ, ಎಷ್ಟು ಚೆನ್ನಾಗಿದೆ ನಿಮ್ಮ ಮುಖ! ದುಡಿದಿದ್ದು ಎದ್ದು ಕಾಣುತ್ತೆ.”

ಮುಖ ಚೆನ್ನಾಗಿದೆ ಅಂತ ಮದುವೆಯಲ್ಲೂ ಯಾರೂ ಅವನಿಗೆ ಅಂದಿರಲಿಲ್ಲ. ಒಳಗೆ ಕರೆದು ಕುರ್ಚಿ ಕೊಟ್ಟ. ಹೆಂಡತಿ ಹೊಲಿದ ಬಟ್ಟೆ ಕೊಡಲು ಹೊರಗೆ ಹೋಗಿದ್ದಳು.

“ಮನೇಲಿ ಯಾರಿಗಾದ್ರೂ ಕೆಮ್ಮು ದಮ್ಮು ಏನಾದ್ರೂ ಇದೆಯಾ?”

“ಅಂಥದ್ದೇನಿಲ್ಲ ಮೇಡಂ. ಚಳಿಗಾಲದಲ್ಲಿ ನಮ್ಮವಳು ಒಂದಿಷ್ಟು ಕೆಮ್ತಾಳೆ. ಶುಂಠಿ ಕಷಾಯ ಕುಡಿದ್ರೆ ಹೋಗುತ್ತೆ.”

“ಕಷಾಯ ಬೇಡ. ಕೆಮ್ಮು ಹೇಳಿ ಸಾಕು. ಎರಡೇ ಮಾತು, ಮನಸ್ಸಿಗೆ ಮುಟ್ಟೋ ಹಾಗೆ.”

ಅವನಿಗೆ ಹಣ ಕೊಡುತ್ತೇವೆ ಅಂತ ಯಾರೂ ಅನ್ನಲಿಲ್ಲ, ಕೆಲಸ ಕೊಡುತ್ತೇವೆ ಅಂತಲೂ ಅವತ್ತು ಅನ್ನಲಿಲ್ಲ. ಆಮೇಲೆ ಎಷ್ಟೋ ಸಲ ಅವನು ಅದನ್ನೇ ನೆನೆದು ನಾಚಿಕೊಂಡಿದ್ದಾನೆ. ಏನಾದರೂ ಕೊಟ್ಟಿದ್ದರೆ ಆಸೆಗೆ ಬಿದ್ದೆ ಅಂತ ಹೇಳಿಕೊಳ್ಳಬಹುದಿತ್ತು.

ಸಮಾರಂಭದ ದಿನ ಸ್ಥಾವರದ ಅಂಗಳಕ್ಕೆ ಹಸಿರು ಬಟ್ಟೆ ಸುತ್ತಿದ್ದರು. ಮಂತ್ರಿ ನೆಟ್ಟ ಸಸಿ ನರ್ಸರಿಯವನಿಂದ ಬಾಡಿಗೆಗೆ ತಂದದ್ದು. ಸಂಜೆ ಅವನು ಬಂದು ಬೇರುಸಹಿತ ಕಿತ್ತು ಮತ್ತೆ ಕುಂಡಕ್ಕೆ ಹಾಕಿಕೊಂಡು ಹೋದ. ಹೊರಗೆ ಸಾಲಾಗಿ ನಿಂತ ಕಾರುಗಳು, ದೊಡ್ಡವರು ವಾಪಸು ಹತ್ತುವಾಗ ಒಳಗೆ ತಂಪಾಗಿರಲಿ ಅಂತ, ಭಾಷಣಗಳು ಮುಗಿಯುವ ತನಕ ಎಂಜಿನ್ ಆರಿಸದೆ ಗುರುಗುಡುತ್ತಿದ್ದವು. ಕೆಲಸಗಾರರು ಅದನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಬಾಯ್ಲರಣ್ಣನೂ ನಕ್ಕ. ಅವನ ಸರದಿ ಇನ್ನೂ ಬಂದಿರಲಿಲ್ಲ.

ಬಂತು. ಮೈಕಿನ ಮುಂದೆ ನಿಂತ. ಮೈಕು ಬೇಡದ ಗಂಟಲಿಗೆ ಮೈಕು ಸಿಕ್ಕಿದಾಗ ಅಂಗಳವೇ ನಡುಗಿತು.

“ನಾನು ಈ ಬೆಂಕಿ ಮುಂದೆ ಆಯುಸ್ಸು ಕಳೆದೋನು,” ಅಂದ. ಚಪ್ಪಾಳೆ. “ನನ್ನ ಹೆಂಡತಿ ಕೆಮ್ತಾಳೆ,” ಅಂದ. ಗದ್ದಲವೆಲ್ಲ ಥಟ್ಟನೆ ನಿಂತಿತು. ಸಾವಿರ ಕಣ್ಣು ಅವನ ಮೇಲೆ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಆದರೆ ಆ ಮೌನ ಅವನ ತಲೆಗೆ ಏರಿತು. “ರಾತ್ರಿಯೆಲ್ಲ ಕೆಮ್ತಾಳೆ. ದಿಂಬಿನ ಬಟ್ಟೆ ತುಂಬ ರಕ್ತ! ಬೆಳಗ್ಗೆ ಅದನ್ನ ನಾನೇ ತೊಳೀತೀನಿ, ಯಾರಿಗೂ ಗೊತ್ತಾಗಬಾರದು ಅಂತ!” ದಿಂಬಿನ ಬಟ್ಟೆ ಎಲ್ಲಿಂದ ಬಂತೋ ಅವನಿಗೇ ಗೊತ್ತಿರಲಿಲ್ಲ, ಜೀವಮಾನದಲ್ಲಿ ಅವನು ಒಂದು ಕರವಸ್ತ್ರ ತೊಳೆದವನಲ್ಲ. “ಮುಚ್ಚಿ ಸ್ವಾಮಿ ಈ ವಿಷದ ಬಾಯಿ! ನಮ್ಮ ಕೆಲಸ ಹೋದ್ರೆ ಹೋಗಲಿ!”

ಅಂಗಳ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮಂತ್ರಿ ಕಣ್ಣೊರೆಸಿಕೊಂಡು ಅವನನ್ನು ತಬ್ಬಿಕೊಂಡ. ಬಾಯ್ಲರಣ್ಣ ಉಬ್ಬಿಹೋಗಿ ಹಲ್ಲು ಕಿರಿಯುತ್ತಾ ಜನರ ಕಡೆ ನೋಡಿದ. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಕೂತಿದ್ದಳು. ಅಕ್ಕಪಕ್ಕದ ಹೆಂಗಸರು ಮೆಲ್ಲಗೆ ಕುರ್ಚಿ ಸರಿಸಿಕೊಂಡು ಅವಳಿಂದ ಒಂದು ಮೊಳ ದೂರವಾಗಿದ್ದರು. ಅವಳು ಕತ್ತೆತ್ತಲಿಲ್ಲ. ಹಿಂದಿನ ಸಾಲಿನಲ್ಲಿ ನಿಂತಿದ್ದ ಕ್ರೇನು ಅವನನ್ನೇ ದಿಟ್ಟಿಸುತ್ತಿದ್ದ. ಕೋಪವಿರಲಿಲ್ಲ ಆ ನೋಟದಲ್ಲಿ, ಮರುಕವಿತ್ತು.

ಮನೆಗೆ ಬಂದ ಮೇಲೆ ಹೊಲಿಗೆಗೆ ಕೂತ ಹೆಂಡತಿ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

“ರೀ, ನನ್ನ ಎದೇಲಿ ರಕ್ತ ಇದೆ ಅಂತ ನಿಮಗೆ ಯಾರು ಹೇಳಿದ್ರು?”

“ಮಾತಿನ ಭರದಲ್ಲಿ ಬಂತು ಕಣೆ. ಒಳ್ಳೇದಕ್ಕೆ ತಾನೆ? ಹೊಗೆ ನಿಲ್ಲುತ್ತಲ್ಲ.”

“ಹೊಗೆ ಅಲ್ಲ, ಆವಿ ಅಂತಿದ್ರಲ್ಲ ಇಷ್ಟು ವರ್ಷ?”

ಅಂದು ಆವಿ ಅನ್ನು ಅಂದರು, ಅಂದ. ಇಂದು ವಿಷ ಅನ್ನು ಅಂದರು, ಅಂದ. ನಡುವೆ ತನ್ನದು ಅಂತ ಒಂದು ಮಾತು ಎಲ್ಲಿತ್ತು ಅಂತ ಹುಡುಕಿದರೆ ಸಿಕ್ಕಿದ್ದು ದಿಂಬಿನ ಬಟ್ಟೆ ಒಂದೇ, ಅದೂ ಸುಳ್ಳು.

ಸ್ಥಾವರ ನಿಂತಿತು. ಒಂದು ಮಾತು ಒಪ್ಪಬೇಕು: ಗಾಳಿ ನಿಜವಾಗಿಯೂ ಚೆನ್ನಾಯಿತು. ಹಿತ್ತಲಿನ ಬಟ್ಟೆ ಒಗೆದ ಬಣ್ಣದಲ್ಲೇ ಒಣಗತೊಡಗಿತು, ಬೆಳಗ್ಗೆ ಎದ್ದರೆ ಗಂಟಲು ಕೆರೆಯುತ್ತಿರಲಿಲ್ಲ. ಅದು ಸುಳ್ಳಾಗಿದ್ದರೆ ಮುಂದಿನದೆಲ್ಲ ಸುಲಭವಾಗುತ್ತಿತ್ತು. ಒಳ್ಳೆಯದೂ ಆಯಿತು, ಬೀದಿಯೂ ಅರ್ಧ ಖಾಲಿಯಾಯಿತು. ಹಸಿರು ಕೆಲಸ ಸಿಕ್ಕಿದ್ದು ಕೈಬೆರಳೆಣಿಕೆಯ ಜನಕ್ಕೆ. ಉಳಿದವರು ಸಿಕ್ಕ ಸಿಕ್ಕ ಕಡೆ ಹೋದರು. ಕ್ರೇನು ಹೆಂಡತಿ ಮಗಳನ್ನು ಬೀದಿಯ ಮನೆಯಲ್ಲೇ ಬಿಟ್ಟು, ನದಿಯಾಚೆಯ ಊರಿಗೆ ಗುತ್ತಿಗೆ ಕೆಲಸಕ್ಕೆ ಹೋದ.

ಬಾಯ್ಲರಣ್ಣನಿಗೆ ಮಾತ್ರ ಸ್ಥಾವರದ ಹಳೇ ಆಫೀಸಿನಲ್ಲೇ ಕೆಲಸ ಸಿಕ್ಕಿತು. ಅದನ್ನು ಒಡೆದು, ಗಾಜು ಹಾಕಿ, ‘ಹಸಿರು ಶಕ್ತಿ ಕೇಂದ್ರ’ ಅಂತ ಮಾಡಿದ್ದರು. ಚಾವಣಿಯ ಮೇಲೆ ಸೌರ ಫಲಕ, ಒಳಗೆ ಹೊದ್ದುಕೊಳ್ಳುವಷ್ಟು ಏಸಿ. ಬಾಗಿಲ ಎದುರಿಗೆ ಆಳೆತ್ತರದ ಅವನದೇ ಫೋಟೊ, ಮಂತ್ರಿ ತಬ್ಬಿಕೊಂಡಿದ್ದು. ಬಂದವರಿಗೆ ಫಲಕ ತೋರಿಸಿ, ಫೋಟೊದ ಪಕ್ಕ ನಿಂತು, ಹೆಂಡತಿಯ ಕೆಮ್ಮಿನ ಕಥೆ ಹೇಳುವುದು ಅವನ ಕೆಲಸ. ಮೊದಮೊದಲು ನಾಲಿಗೆ ಹೊರಳುತ್ತಿರಲಿಲ್ಲ. ಆಮೇಲಾಮೇಲೆ ಎಲ್ಲಿ ನಿಲ್ಲಿಸಿದರೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ ಅನ್ನುವುದೂ ಅಭ್ಯಾಸವಾಯಿತು.

ಒಂದು ಮೋಡದ ದಿನ ಅವನೇ ಕೇಂದ್ರದ ಮುಖ್ಯಸ್ಥನನ್ನು ಕೇಳಿದ. “ಸಾರ್, ಬೆಳಗ್ಗೆಯಿಂದ ಬಿಸಿಲೇ ಇಲ್ಲ. ಈ ಏಸಿ ಯಾತರಲ್ಲಿ ಓಡ್ತಿದೆ?”

ಮುಖ್ಯಸ್ಥ ಒಳ್ಳೆಯ ಮನುಷ್ಯ, ಮುಚ್ಚಿಡಲಿಲ್ಲ. “ನದಿಯಾಚೆಯಿಂದ ಲೈನು ಎಳೆದಿದ್ದಾರಲ್ಲ ಯಜಮಾನರೇ. ಊರಿಗೆಲ್ಲ ಅದೇ.”

“ಅಲ್ಲಿ ಯಾತರಿಂದ ಮಾಡ್ತಾರೆ?”

“ಅದು ಅವರ ಲೆಕ್ಕ. ಹೊಗೆ ನಮ್ಮ ಕಡೆ ಇಲ್ಲ ತಾನೆ? ಮಂತ್ರಿಗಳು ಮಾತು ಕೊಟ್ಟಿದ್ದು ನಮ್ಮ ಕಡೆಯ ಹೊಗೆಗೆ ಮಾತ್ರ.”

ಹೂಂಗುಟ್ಟಿ, ಮುಂದಿನ ಗುಂಪಿಗೆ ಫಲಕ ತೋರಿಸಲು ಹೋದ.

ಆ ದಿನಗಳಲ್ಲೇ ಇನ್ನೊಂದನ್ನು ಕಂಡ. ಶಾಲೆ ಶುರುವಾಗುವ ಕಾಲ. ಪ್ರತಿ ವರ್ಷ ಈ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಸಮವಸ್ತ್ರದ ಬಟ್ಟೆ ಬಿದ್ದಿರುತ್ತಿತ್ತು. ಈ ಸಲ ಹೊಲಿಗೆ ಯಂತ್ರದ ಮೇಲೆ ಪಂಚೆ ಹೊದಿಸಿತ್ತು. ಹೆಂಡತಿ ಕಿಟಕಿಯ ಹತ್ತಿರ ಬರಿಗೈಯಲ್ಲಿ ಕೂತಿದ್ದಳು.

“ಯಾಕೆ, ಶಾಲೆಯವರು ಈ ಸಲ ತಡವಾ?”

“ಬೇರೆಯವರಿಗೆ ಕೊಟ್ರು. ಮಕ್ಕಳು ಮೈಮೇಲೆ ಹಾಕಿಕೊಳ್ಳೋ ಬಟ್ಟೆ, ತಪ್ಪು ತಿಳೀಬೇಡಿ ಅಂದ್ರು ಹೆಡ್‌ಮೇಡಂ. ಬೀದಿಯವರೂ ಅಷ್ಟೇ. ಪಾಪ, ಯಾರೂ ಬಾಯಿಬಿಟ್ಟು ಹೇಳಲ್ಲ. ಹೊಲಿಸೋದೇನೂ ಇಲ್ಲ ಈಗ ಅಂತಾರೆ, ಮೈಮೇಲೆ ಹೊಸದು ಹಾಕಿಕೊಂಡು ಓಡಾಡ್ತಾರೆ.”

“ನೀನು ಹೇಳಬೇಕಿತ್ತು, ನಂಗೇನೂ ರೋಗ ಇಲ್ಲ ಅಂತ!”

“ಹೇಳಿದೆ. ಕಾಯಿಲೆ ಇರೋರೆಲ್ಲ ಹಾಗೇ ಹೇಳೋದು ಅಂದುಕೊಂಡ್ರು.” ಯಂತ್ರದ ಮೇಲಿನ ಪಂಚೆ ಸರಿಮಾಡುತ್ತಾ ಅಂದಳು, “ದಿನಾ ಅಲ್ಲಿ ನಿಂತು ನೀವು ಹೇಳ್ತೀರಲ್ಲ. ನಿಮ್ಮ ಗಂಟಲಿನ ಮುಂದೆ ನನ್ನದು ಎಲ್ಲಿ ಕೇಳುತ್ತೆ?”

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಅವನಿಗೆ. ಆದರೂ ಮಾರನೇ ದಿನ ಕೇಂದ್ರಕ್ಕೆ ಹೋದ, ಫೋಟೊದ ಪಕ್ಕ ನಿಂತ, ಬಂದವರಿಗೆ ಕಥೆ ಹೇಳಿದ.

ಹೆಂಡತಿಯ ತಂಗಿ ಇದ್ದದ್ದು ನದಿಯಾಚೆಯ ಅದೇ ಊರಿನಲ್ಲಿ. ಮನಸ್ಸು ಬೇಸರವಾಗಿದೆ, ತಂಗಿಯ ಮನೆಗೆ ಹೋಗಿ ಬರೋಣ ಅಂದಳು ಹೆಂಡತಿ. ಸೇತುವೆ ದಾಟುವಾಗಲೇ ಬಸ್ಸಿನ ಕಿಟಕಿಯಿಂದ ಅವನಿಗೆ ಕಂಡಿತು: ಆಚೆ ಊರಿನ ಸ್ಥಾವರದ ಹಳೆಯ ಚಿಮಣಿಯ ಪಕ್ಕ ಹೊಸದೊಂದು, ಅದಕ್ಕಿಂತ ಎತ್ತರ, ಬಾಯಿ ತುಂಬ ಹೊಗೆ. ನಾದಿನಿ ಬಾಗಿಲಲ್ಲೇ ನಗುತ್ತಾ ಎದುರಾದಳು.

“ಭಾವ, ನಿಮ್ಮ ಫೋಟೊ ಪೇಪರಲ್ಲಿ ನೋಡಿ ಇಡೀ ಬೀದಿಗೆ ತೋರಿಸಿದೀನಿ, ನಮ್ಮ ಭಾವ ಅಂತ. ನಿಮ್ಮ ಕಡೆ ಮುಚ್ಚಿದ ಮೇಲೆ ಇಲ್ಲಿ ಹಗಲೂ ರಾತ್ರಿ ಉರಿಸ್ತಿದ್ದಾರೆ. ಜನ ಕೇಳ್ತಾರೆ, ನಿಮ್ಮ ಭಾವನ್ನ ಕರೆಸಿ, ಒಂದು ಭಾಷಣ ಮಾಡಿ ಇದನ್ನೂ ಮುಚ್ಚಿಸಲಿ ಅಂತ.”

ಅವಳು ಗೇಲಿ ಮಾಡುತ್ತಿರಲಿಲ್ಲ. ನಿಜವಾಗಿಯೂ ನಂಬಿದ್ದಳು. ಅದೇ ಅವನಿಗೆ ಹೆಚ್ಚು ಚುಚ್ಚಿತು. ಕೈ ತೊಳೆಯುವ ನೆಪ ಮಾಡಿ ಹೊರಗೆ ಬಂದವನು, ಕ್ರೇನನ್ನು ನೋಡಿ ಬರುತ್ತೇನೆ ಅಂತ ಹೇಳಿ, ಅವನು ಗುತ್ತಿಗೆಗೆ ಸೇರಿದ್ದ ಆ ಸ್ಥಾವರದ ಕಡೆ ನಡೆದ.

ಕ್ರೇನು ತೆಳ್ಳಗಾಗಿದ್ದ, ಕುತ್ತಿಗೆ ಇನ್ನಷ್ಟು ಉದ್ದ ಕಾಣುತ್ತಿತ್ತು. ಗೆಳೆಯನನ್ನು ನೋಡಿದ್ದೇ ಭುಜ ಹಿಡಿದುಕೊಂಡು ಕೇಳಿದ ಮೊದಲ ಮಾತು:

“ಅತ್ತಿಗೆಗೆ ಹೇಗಿದೆಯೋ?”

ಇಲ್ಲಿ ಮೈಕಿರಲಿಲ್ಲ, ಜನರಿರಲಿಲ್ಲ, ಚಪ್ಪಾಳೆಯಿರಲಿಲ್ಲ. ಸುಳ್ಳು ಹೇಳಿದೆ ಕಣೋ ಅಂತ ಅನ್ನಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

“ಪರವಾಗಿಲ್ಲ,” ಅಂದ. “ಈಗ ಸ್ವಲ್ಪ ವಾಸಿ.”

“ಅಷ್ಟಾದ್ರೂ ಆಯ್ತಲ್ಲ,” ಅಂದ ಕ್ರೇನು. “ಬಾ, ನಿನಗೊಂದು ತೋರಿಸ್ತೀನಿ.”

ಕಾವಲಿನವನಿಗೆ ಹೇಳಿ ಒಳಗೆ ಕರೆದುಕೊಂಡು ಹೋದ. ಕಲ್ಲಿದ್ದಲು ಪುಡಿ ಮಾಡುವ ಗಿರಣಿಗಳ ಸಾಲು. ಕೊನೆಯ ಎರಡಕ್ಕೆ ಹೊಸ ಬಣ್ಣ ಬಳಿದಿತ್ತು. ಒಂದರ ಬಾಗಿಲಿನ ಹಿಡಿಕೆ ಸೊಟ್ಟಗಿತ್ತು. ಅಸಲಿ ಹಿಡಿಕೆ ಕೈ ಸುಡುತ್ತದೆ ಅಂತ ಬಾಯ್ಲರಣ್ಣ ಹಿಂದೊಮ್ಮೆ ಪೈಪಿನ ತುಂಡೊಂದನ್ನು ಬಗ್ಗಿಸಿ ತಾನೇ ಬೆಸುಗೆ ಹಾಕಿದ್ದು. ಗುಜರಿಗೆ ಹೋಯಿತು ಅಂದುಕೊಂಡಿದ್ದ ಅವನ ಗಿರಣಿ ಇಲ್ಲಿ ನಿಂತು ಗಡಗಡ ಅನ್ನುತ್ತಿತ್ತು.

“ನಮ್ಮವೇ,” ಅಂದ ಕ್ರೇನು. “ಲಾರಿ ಮೇಲೆ ಹಾಕಿ ಸೇತುವೆ ದಾಟಿಸಿದ್ರು. ಹಸಿರು ಬಟ್ಟೆ ಮುಚ್ಚಿಕೊಂಡು ಬಂದಿದ್ವು, ನಿಮ್ಮ ಸಮಾರಂಭದ್ದೇ ಬಟ್ಟೆ.” ಅಂದು ಜೋರಾಗಿ ನಕ್ಕ. ಬಾಯ್ಲರಣ್ಣ ನಗಲು ಹೋದ, ಆಗಲಿಲ್ಲ. ಸೊಟ್ಟ ಹಿಡಿಕೆಯ ಮೇಲೆ ಕೈಯಿಟ್ಟ. ತಣ್ಣಗಿತ್ತು, ಅವನು ಮಾಡಿದ ಕೆಲಸ ಕೆಟ್ಟಿರಲಿಲ್ಲ.

ಗಂಡ ಹೆಂಡತಿ ಬಸ್ಸು ಹತ್ತಿ ವಾಪಸು ಹೊರಟರು. ಮನೆ ಹತ್ತಿರ ಬಂದಾಗ ಅವನೇ ಅಂದ, “ಮುಚ್ಚಿದ ದಿನದ ವರ್ಷಾಚರಣೆ ಬರ್ತಿದೆ. ಮಂತ್ರಿ ಬರ್ತಾನೆ, ನನ್ನನ್ನ ಮಾತಾಡು ಅಂದಿದ್ದಾರೆ. ಅವತ್ತು ಎಲ್ಲರೆದುರಿಗೆ ನಿಜ ಹೇಳಿಬಿಡ್ತೀನಿ.”

ಅವಳು ಚೀಲ ಎತ್ತಿಕೊಂಡು ಇಳಿಯಲು ಎದ್ದಳು.

ಹೇಳಿದ ಹಾಗೇ ಮಾಡಿದ. ಅದೇ ಅಂಗಳ, ಅದೇ ಮೈಕು. “ಹೋದ ವರ್ಷ ನಾನಿಲ್ಲಿ ನಿಂತು ಒಂದು ಮಾತು ಹೇಳಿದ್ದೆ,” ಅಂದ. “ನನ್ನ ಹೆಂಡತಿ ರಕ್ತ ಕೆಮ್ತಾಳೆ ಅಂತ. ಅವಳಿಗೆ ಏನೂ ಆಗಿಲ್ಲ. ಅವಳು ಕೆಮ್ಮಲ್ಲ. ಚೆನ್ನಾಗಿದ್ದಾಳೆ. ಮತ್ತೆ ನಮ್ಮ ಗಿರಣಿಗಳು ನದಿಯಾಚೆ...”

ಮಾತು ಮುಗಿಯಲು ಬಿಡಬೇಕಲ್ಲ? ಮಂತ್ರಿ ಕುರ್ಚಿಯಿಂದ ಜಿಗಿದು ಬಂದು ಅವನ ಹೆಗಲ ಮೇಲೆ ಕೈ ಹಾಕಿ ಮೈಕು ತನ್ನ ಕಡೆ ಎಳೆದುಕೊಂಡ.

“ಕೇಳಿದಿರಾ! ಅವಳು ಈಗ ಕೆಮ್ಮುತ್ತಿಲ್ಲ! ಯಾಕೆ ಕೆಮ್ಮುತ್ತಿಲ್ಲ? ಹೊಗೆ ನಿಂತಿದ್ದಕ್ಕೆ! ಒಂದೇ ವರ್ಷದಲ್ಲಿ ಒಬ್ಬ ತಾಯಿ ಬದುಕಿದಳು! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?”

ಅಂಗಳ ಎದ್ದು ನಿಂತಿತು. ಹೋದ ವರ್ಷಕ್ಕಿಂತ ಜೋರಾದ ಚಪ್ಪಾಳೆ. “ಹಾಗಲ್ಲ ಸ್ವಾಮಿ, ಅವಳು ಆವತ್ತೂ...” ಅಂತ ಬಾಯ್ಲರಣ್ಣ ಕೂಗಿದ. ಯಂತ್ರಗಳ ಗದ್ದಲವನ್ನೇ ಗೆದ್ದ ಗಂಟಲು ಚಪ್ಪಾಳೆಯ ಸದ್ದಿನಲ್ಲಿ ಮುಳುಗಿಹೋಯಿತು. ಆಪ್ತ ಸಹಾಯಕಿ ತೋಳು ಹಿಡಿದು ಮೆಟ್ಟಿಲ ಕಡೆ ತಿರುಗಿಸುತ್ತಾ ಕಿವಿಯಲ್ಲಿ ಅಂದಳು, “ಅದ್ಭುತವಾಗಿತ್ತು ಯಜಮಾನರೇ.” ಮಾರನೇ ದಿನ ಪೇಪರಿನಲ್ಲಿ ಬಂತು: ಶುದ್ಧ ಗಾಳಿಯಿಂದ ಕಾರ್ಮಿಕನ ಪತ್ನಿ ಗುಣಮುಖ.

ಅವನು ಕೇಂದ್ರದ ಕೆಲಸ ಬಿಟ್ಟ. ಮುಖ್ಯಸ್ಥ ಬೇಸರಪಟ್ಟುಕೊಂಡ, ಫೋಟೊ ಮಾತ್ರ ಇಳಿಸಲಿಲ್ಲ. ಅದು ಸರ್ಕಾರದ್ದು ಅಂದ.

ಮನೆಯಲ್ಲಿ ಅವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಹೆಂಡತಿ ಹೇಳಿದಳು, “ಮೈಕಲ್ಲಿ ಹೇಳಿದ ಸುಳ್ಳನ್ನ ಮೈಕಲ್ಲೇ ತೊಳೀತೀನಿ ಅಂದ್ರೆ ಆಗಲ್ಲ ರೀ. ಮೈಕು ಅವರದು. ಚಪ್ಪಲಿ ಹಾಕ್ಕೊಳ್ಳಿ.”

“ಎಲ್ಲಿಗೆ?”

“ಮನೆಮನೆಗೆ. ನಾನು ಜೊತೆಗೆ ಬರ್ತೀನಿ, ಅಳತೆ ಪಟ್ಟಿ ತಗೊಂಡು. ಸುಳ್ಳು ಹೇಳಿದ್ದು ನೀವು ಅಂತ ನೀವೇ ಬಾಯಿಬಿಟ್ಟು ಹೇಳಿ. ಮೆತ್ತಗೆ ಹೇಳಿ, ಕೂಗಬೇಡಿ.”

ಹಾಡಹಗಲಲ್ಲಿ ಇಬ್ಬರೂ ಹೊರಟರು. ಬಾಗಿಲು ತಟ್ಟುವುದು, ಯಾರಾದರೂ ಬಂದರೆ ತಲೆ ತಗ್ಗಿಸಿ ಹೇಳುವುದು: “ನನ್ನ ಹೆಂಡತಿಗೆ ಯಾವ ರೋಗವೂ ಇಲ್ಲ. ಆವತ್ತೂ ಇರಲಿಲ್ಲ. ನಾನೇ ಕಟ್ಟಿ ಹೇಳಿದ್ದು.” ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಒಬ್ಬ ಮುದುಕ, “ಅಂದ್ರೆ ಆ ದಿಂಬಿನ ಬಟ್ಟೆ?” ಅಂತ ಕೇಳಿ, ಅದೂ ಸುಳ್ಳು ಅಂದಾಗ, “ನಾನು ಅದಕ್ಕೆ ಅತ್ತಿದ್ನಲ್ಲಯ್ಯ” ಅಂತ ಬೈದು ಬಾಗಿಲು ಹಾಕಿಕೊಂಡ. ಒಂದು ಮನೆಯ ಹೆಂಗಸು ಪೂರ್ತಿ ಕೇಳಿಸಿಕೊಂಡು, ಅವನನ್ನು ಬಿಟ್ಟು ಅವನ ಹೆಂಡತಿಯ ಮುಖ ನೋಡಿ, “ಇಂಥವರ ಜೊತೆ ಹೇಗೆ ಬಾಳ್ತೀಯಮ್ಮ?” ಅಂದಳು. ಹೆಂಡತಿ, “ಪರದೆ ಅಳತೆ ತಗೊಳ್ಳಲಾ?” ಅಂತ ಕೇಳಿದಳು. ಪ್ರತಿ ಬಾಗಿಲಿಗೂ ಅವನ ದನಿ ಒಂದೊಂದು ಮೆಟ್ಟಿಲು ಇಳಿಯುತ್ತಾ ಬಂತು. ಹೆಡ್‌ಮೇಡಂ ಮುಂದೆ ನಿಂತಾಗ, ಸ್ವಲ್ಪ ಜೋರಾಗಿ ಹೇಳಿ, ಕೇಳಿಸಲ್ಲ ಅಂದರು.

ತನ್ನ ಗೋಡೆಗೇ ಅಂಟಿಕೊಂಡಿದ್ದ ಮನೆಯನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಬಾಗಿಲು ತೆಗೆದವಳು ಕ್ರೇನಿನ ಹೆಂಡತಿ. ಕೈಯಲ್ಲಿ ಪೊರಕೆ ಇತ್ತು.

ಹೇಳಿದ. ಅವಳಿಗೆ ಮೊದಲು ಅರ್ಥವಾಗಲಿಲ್ಲ.

“ಅಂದ್ರೆ ಅಕ್ಕನಿಗೆ ಈಗ ವಾಸಿಯಾಯ್ತು ಅಂತಾನಾ ಅಣ್ಣ?”

“ಅಲ್ಲಮ್ಮ. ಯಾವತ್ತೂ ಇರಲೇ ಇಲ್ಲ.”

“ಆವತ್ತು ಸಮಾರಂಭದ ದಿನವೂ?”

“ಆವತ್ತೂ ಇರಲಿಲ್ಲ.”

ಅವಳು ಪೊರಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು. “ನಮ್ಮವರು ಆಚೆ ಊರಿಗೆ ಹೊರಟ ದಿನ ನಾನು ಅವರ ಮುಂದೆ ನಿಮಗೆ ಬಾಯಿಗೆ ಬಂದ ಹಾಗೆ ಬೈದೆ. ನಿಮ್ಮ ಗೆಳೆಯನೇ ವೇದಿಕೆ ಹತ್ತಿ ಕೆಲಸ ಹೋದ್ರೆ ಹೋಗಲಿ ಅಂದುಬಿಟ್ನಲ್ಲ ಅಂದೆ. ಅವರು ನನ್ನ ಬಾಯಿ ಮುಚ್ಚಿಸಿದ್ರು. ಅವನ ಹೆಂಡತಿ ರಕ್ತ ಕಾರ್ತಿದ್ದಾಳೆ ಕಣೆ, ಆ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ದೆ, ಅವನನ್ನ ಬೈಬೇಡ ಅಂದ್ರು. ನಾನೂ ಸುಮ್ಮನಾದೆ. ಇಷ್ಟು ದಿನ ಈ ಗೋಡೆ ಆಚೆ ನಿಮ್ಮ ದನಿ ಕೇಳಿದಾಗೆಲ್ಲ ಪಾಪ ಅಂದುಕೊಳ್ತಿದ್ದೆ.”

ಬಾಯ್ಲರಣ್ಣ ಹೊಸಿಲನ್ನೇ ನೋಡುತ್ತಾ ನಿಂತಿದ್ದ. ಸ್ಥಾವರ ಹೇಗಿದ್ದರೂ ಮುಚ್ಚುತ್ತಿತ್ತು, ನಾನು ಹೇಳದಿದ್ದರೂ ಮುಚ್ಚುತ್ತಿತ್ತು ಅನ್ನುವ ಒಂದು ಮಾತನ್ನು ಅವನು ಬಹಳ ದಿನದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಅದು ನಿಜವೂ ಆಗಿತ್ತು. ಆ ಹೊಸಿಲ ಮುಂದೆ ಅದನ್ನು ಆಡಲು ಬಾಯಿ ಬರಲಿಲ್ಲ.

“ಅಕ್ಕ, ನೀವು ಒಳಗೆ ಬನ್ನಿ,” ಅಂದಳು ಅವಳು. “ಮಗಳಿಗೆ ಎರಡು ಅಂಗಿ ಹೊಲಿಸಬೇಕು.”

ಅವನನ್ನು ಕರೆಯಲಿಲ್ಲ. ಹೆಂಡತಿ ಒಳಗೆ ಹೋದಳು. ಒಳಗೆ ಅಳತೆ ಹೇಳುವ, ಬಟ್ಟೆ ಬಿಡಿಸುವ ಸದ್ದು. ಅವನು ಬೀದಿಯಲ್ಲಿ ನಿಂತೇ ಇದ್ದ. ಹೋಗಿ ಬರುವವರು, ಯಾಕಣ್ಣ ಬಿಸಿಲಲ್ಲಿ ನಿಂತಿದ್ದೀಯ ಅಂತ ಕೇಳಿದರೆ, ಹೀಗೇ ಅನ್ನುತ್ತಿದ್ದ.

ಬೀದಿಯ ಗಿರಾಕಿಗಳು ಸುಮಾರು ಜನ ಮರಳಿ ಬಂದರು, ಶಾಲೆಯವರು ಬರಲಿಲ್ಲ. ಬಾಯ್ಲರಣ್ಣನಿಗೆ ಊರಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಸಣ್ಣ ಗ್ಯಾಸಿನ ಬಾಯ್ಲರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದಾನೆ. ಗ್ಯಾಸು ಒಳ್ಳೆಯದೋ ಕಲ್ಲಿದ್ದಲು ಒಳ್ಳೆಯದೋ ಸೂರ್ಯನೋ ಅಂತ ಯಾರಾದರೂ ಕೇಳಿದರೆ, ನನ್ನನ್ನ ಕೇಳಬೇಡಿ ಅಂದುಬಿಡುತ್ತಾನೆ.

ಕ್ರೇನು ರಜೆಗೆ ಬಂದಾಗ ಚಹಾದ ಅಂಗಡಿಯಲ್ಲಿ ಇಬ್ಬರೂ ಎದುರಾದರು.

“ಕೇಳಿದೆ,” ಅಂದ ಕ್ರೇನು.

“ನಿನ್ನೆದುರಿಗೇ ಹೇಳಬೇಕಿತ್ತು ಕಣೋ. ಅಲ್ಲಿ, ಗಿರಣಿ ಹತ್ತಿರ.”

“ಹೇಳಬೇಕಿತ್ತು,” ಅಂದ ಅವನು. ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟ. ಬಾಯ್ಲರಣ್ಣ ಕೂತ. ಇಬ್ಬರೂ ರಸ್ತೆ ನೋಡುತ್ತಾ ಚಹಾ ಕುಡಿದರು. ಕ್ರೇನು ತನ್ನ ಲೋಟ ಖಾಲಿ ಮಾಡಿ, ಮಗಳು ಕಾಯುತ್ತಿದ್ದಾಳೆ ಅಂತ ಹೇಳಿ ಎದ್ದು ಹೋದ. ಬಾಯ್ಲರಣ್ಣನ ಲೋಟದಲ್ಲಿ ಇನ್ನೂ ಅರ್ಧ ಚಹಾ ಇತ್ತು.